‘ವಯಸ್ಸಾಯ್ತು ಬಿಡಿ’ ಅನ್ನೋದು ರೋಗನಿರ್ಣಯ ಅಲ್ಲ

ಕುರ್ಚಿಯಿಂದ ಏಳಲು ಅಜ್ಜಿ ಕೈ ಊರುತ್ತಾರೆ, ತಾತನ ನಡಿಗೆ ನಿಧಾನವಾಗಿದೆ. ನಾವು ಹೇಳೋದು ಒಂದೇ ಮಾತು: ವಯಸ್ಸಾಯ್ತು ಬಿಡಿ. ವೈದ್ಯರು ಇದನ್ನು ‘ಫ್ರೇಲ್ಟಿ’ ಎನ್ನುತ್ತಾರೆ. ನಾನು ನಿತ್ರಾಣ ಎನ್ನುತ್ತೇನೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇದಕ್ಕೆ ಐದು ಲಕ್ಷಣ ಗುರುತಿಸಿದರು: ಪ್ರಯತ್ನಪಡದೆ ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲವಾಗುವುದು, ನಿಧಾನ ನಡಿಗೆ, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ನಿತ್ರಾಣ, ಒಂದೆರಡಿದ್ದರೆ ಅದರ ಹೊಸ್ತಿಲು.

ಇದಕ್ಕೂ ಶುಗರ್‌ಗೂ ಕ್ಯಾನ್ಸರ್‌ಗೂ ಏನು ಸಂಬಂಧ? ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳೋದು ಸ್ನಾಯುಗಳು. ಸ್ನಾಯು ಕರಗಿ ಹೊಟ್ಟೆಯ ಕೊಬ್ಬು ಉಳಿದರೆ ದೇಹ ಇನ್ಸುಲಿನ್ ಮಾತು ಕೇಳೋದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಏರಿದ ಇನ್ಸುಲಿನ್, ಜೊತೆಗೆ ಕೊಬ್ಬು ಹುಟ್ಟಿಸುವ ಆರದ ಉರಿಯೂತ, ಎರಡೂ ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಮುಖ್ಯವಾಗಿ ತಯಾರಾಗೋದೂ ಕೊಬ್ಬಿನಲ್ಲೇ; ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರ್‌ಗೆ ಅದೊಂದು ದಾರಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ 13 ಬಗೆಯ ಕ್ಯಾನ್ಸರ್‌ಗಳನ್ನು ಅತಿ ಕೊಬ್ಬಿಗೆ ಜೋಡಿಸಿತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಅನ್ನೋ ನಮ್ಮ ಮೈಕಟ್ಟಿಗೆ ತೂಕದ ಯಂತ್ರ ಸರಿಯಾದ ಸಾಕ್ಷಿ ಅಲ್ಲ. ಅದಕ್ಕೇ ದಕ್ಷಿಣ ಏಷ್ಯಾದವರಿಗೆ ಸೊಂಟದ ಸುತ್ತಳತೆಯ ಮಿತಿ ಬೇರೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ಕಾರಣವಿಲ್ಲದೆ ತೂಕ ಇಳಿದರೆ ‘ಶುಗರ್ ಇದ್ದವರಿಗೆ ಹಾಗೇ’ ಅಂತ ಬಿಡಬೇಡಿ. ಒಳಗೇ ಅಡಗಿದ ಕ್ಯಾನ್ಸರ್ ಕೂಡ ಹೀಗೇ ತೋರಿಸಿಕೊಳ್ಳಬಹುದು. ನಿತ್ರಾಣ ದೇಹ ಕಿಮೊಥೆರಪಿಯನ್ನೂ ತಾಳಿಕೊಳ್ಳೋದು ಕಷ್ಟ.

ನನ್ನ ತಕರಾರು ಇರೋದು ಇಲ್ಲಿ. 2024ರಿಂದ 70 ದಾಟಿದವರಿಗೆಲ್ಲ ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಒಳ್ಳೆಯದೇ. ಆದರೆ ಸ್ನಾಯು ಉಳಿಸೋದು ಬೇಳೆ, ಮೊಟ್ಟೆ, ಹಾಲು ಮತ್ತು ವ್ಯಾಯಾಮ. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79ರವರಿಗೆ ತಿಂಗಳಿಗೆ 200 ರೂಪಾಯಿ, ಅದೂ ಹೆಚ್ಚುಕಡಿಮೆ ಎರಡು ದಶಕದಿಂದ. ಕಾಯಿಲೆ ಬಿದ್ದ ಮೇಲೆ ಲಕ್ಷಗಳು, ಬೀಳದಂತೆ ತಡೆಯಲು ನೂರುಗಳು!

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿರಿಯರನ್ನು ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲೇ ನಿಂತಿರಿ. ಸ್ನಾಯುಕ್ಷಯದ ಬಗ್ಗೆ 2019ರ ಏಷ್ಯಾ ತಜ್ಞರ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅದು ಎಚ್ಚರಿಕೆಯ ಗಂಟೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಶುಗರ್ ರಿಪೋರ್ಟ್ ಜೊತೆ ಆ ಸೆಕೆಂಡುಗಳನ್ನೂ ಹೇಳಿ.