ಊರು ಬಿಟ್ಟ ಚಿತ್ರಗಳು

ವಿಜಯಪುರವೆಂದೊಡನೆ ಗೋಳಗುಮ್ಮಟ ಕಣ್ಮುಂದೆ ನಿಲ್ಲುತ್ತದೆ. ಇಲ್ಲಿನ ಅರಸರ ಚಿತ್ರಪ್ರೇಮವನ್ನು ಬಲ್ಲವರು ವಿರಳ. ಮೆಚ್ಚಿದ ಚಿತ್ರಗಳನ್ನೂ ಅಂದವಾದ ಬರಹದ ಹಾಳೆಗಳನ್ನೂ ಅಂಚು ಕಟ್ಟಿ, ಹೊತ್ತಗೆಯಾಗಿಸಿ ಆಪ್ತರಿಗೆ ತೋರಿಸುವುದು ಅಂದಿನ ದರಬಾರುಗಳ ರೂಢಿ. ಅದಕ್ಕೆ ‘ಮುರಕ್ಕಾ’ ಎಂದು ಹೆಸರು. ಎರಡನೆಯ ಇಬ್ರಾಹಿಂ ಆದಿಲಶಹನಂತೂ (1580–1627) ಸಂಗೀತದಷ್ಟೇ ಅಕ್ಕರೆಯಿಂದ ಚಿತ್ರಕಲೆಯನ್ನು ಪೋಷಿಸಿದವನು.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದುಕೊಂಡ. ಚಿತ್ರಗಳು ಕಾಲಕ್ರಮದಲ್ಲಿ ಚದುರಿದವು. 1570ರ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಇಂದು ಡಬ್ಲಿನ್ನಿನಲ್ಲಿದೆ. ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬಿಬ್ಬರು ಸುಮಾರು 1680ರಲ್ಲಿ ಬರೆದ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಸೇರಿದೆ. ತಲೆಮಾರುಗಳ ಸುಲ್ತಾನರು ಅದರಲ್ಲಿ ಮದುವೆಮನೆಯ ಗುಂಪುಫೋಟೊದಂತೆ ಒಟ್ಟಿಗೆ ಕೂತಿದ್ದಾರೆ. ಬದುಕಿನಲ್ಲಿ ಒಬ್ಬರನ್ನೊಬ್ಬರು ಕಾಣದವರೂ ಅಲ್ಲಿ ಒಂದೇ ಸಭೆಯವರು! ರಾಜ್ಯಕ್ಕಾದರೋ ಇನ್ನು ಆರೇಳು ವರ್ಷದ ಆಯುಸ್ಸು.

2017ರಲ್ಲಿ ಆ ಸಂಗ್ರಹಾಲಯವು ಹಕ್ಕುಮುಕ್ತ ಕೃತಿಗಳ ಚಿತ್ರಗಳನ್ನು ಅಂತರಜಾಲದಲ್ಲಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ತಿಕೋಟಾ, ಬಬಲೇಶ್ವರಗಳಿಂದ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿಗಳು ಈಗ ಇದನ್ನು ಮೊಬೈಲಿನಲ್ಲಿ ಹಂಚಿಕೊಳ್ಳುತ್ತಾರೆ. ಹಂಚುವಾಗ ಚಿತ್ರಗಾರರ ಹೆಸರು ಮಾತ್ರ ಉದುರಿಹೋಗುತ್ತದೆ. ಹಳೆಯ ಎಷ್ಟೋ ಚಿತ್ರಗಳಿಗೆ ಬರೆದವನ ಹೆಸರೇ ಉಳಿದಿಲ್ಲ. ಉಳಿದ ಈ ಎರಡನ್ನಾದರೂ ಕೆಳಗೆ ಬರೆದು ಕಳಿಸಿರಪ್ಪಾ ಎಂದು ನಾನು ಹೇಳುತ್ತಲೇ ಇರುತ್ತೇನೆ. ಮೊನ್ನೆ ಒಬ್ಬಾಕೆ ಕಳಿಸಿದ್ದರಲ್ಲಿ ಎರಡೂ ಹೆಸರಿದ್ದವು. ಪಕ್ಕದಲ್ಲಿ ‘ನಮ್ಮೂರಿನವರು’ ಎಂದೂ ಇತ್ತು.