ಟ್ಯಾಂಕ್ ತುಂಬಿಸಿದರೆ ರಫ್ತಾಗುತ್ತಾ?

ಒಂದು ವಿಮಾನ ಕಲ್ಕತ್ತಾದ ಡಮ್‌ಡಮ್ ನಿಲ್ದಾಣದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರದೇಶಕ್ಕೆ ಹಾರುತ್ತೆ ಅಂದುಕೊಳ್ಳಿ. ಇಂಧನ ಮಾರಿದ್ದು ಇಲ್ಲಿ. ಅದು ಉರಿದು ಮುಗಿಯೋದು ಬಂಗಾಳ ಕೊಲ್ಲಿಯ ಮೇಲೆಲ್ಲೋ. ಹಾಗಾದರೆ ಅದು ಬಂಗಾಳದಲ್ಲಿ ನಡೆದ ಮಾರಾಟವಾ, ದೇಶದಾಚೆಗೆ ಹೋದ ರಫ್ತಾ? ಕೇಳೋಕೆ ತಲೆಹರಟೆ ಪ್ರಶ್ನೆ ಥರ ಇದೆ. ಆದರೆ 1960ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ತೀರ್ಮಾನಿಸಬೇಕಾಯ್ತು. ಇವತ್ತಿಗೂ ನಮ್ಮ ಟಿಕೆಟ್ ದುಡ್ಡಿನ ಒಂದು ಪಾಲಿಗೆ ಆ ತೀರ್ಮಾನದ ನಂಟಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಾರಾಟ ತೆರಿಗೆ ಹಾಕುವ ಅಧಿಕಾರ ಪ್ರಾಂತ್ಯಗಳಿಗೆ ಸಿಕ್ಕಿದ್ದು 1935ರ ಭಾರತ ಸರ್ಕಾರ ಕಾಯ್ದೆಯಿಂದ. 1938ರಲ್ಲಿ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಸರ್ಕಾರ ಪೆಟ್ರೋಲ್ ಮಾರಾಟಕ್ಕೆ ತೆರಿಗೆ ಹಾಕಿತು. 'ಇದು ಅಬಕಾರಿ ಸುಂಕ, ಅದು ನಮ್ಮ ಹಕ್ಕು' ಅಂತ ದೆಹಲಿ ತಕರಾರು ತೆಗೀತು. ಆಗಷ್ಟೇ ಹುಟ್ಟಿದ್ದ ಫೆಡರಲ್ ಕೋರ್ಟಿನ ಮುಂದೆ ಬಂದ ಮೊದಲ ಪ್ರಕರಣವೇ ಇದು. ಗೆದ್ದಿದ್ದು ಪ್ರಾಂತ್ಯ. ಮರುವರ್ಷ ಮದ್ರಾಸಿನಲ್ಲಿ ರಾಜಾಜಿ ಸಾಮಾನ್ಯ ಮಾರಾಟ ತೆರಿಗೆಯನ್ನೇ ತಂದರು. ಆಗ ಆ ಪ್ರಾಂತ್ಯದಲ್ಲೇ ಇದ್ದ ಮಂಗಳೂರು, ಬಳ್ಳಾರಿಗೂ ಅದು ಬಂತು. 1941ರಲ್ಲಿ ಬಂಗಾಳವೂ ಮೋಟಾರ್ ಸ್ಪಿರಿಟ್ ಮಾರಾಟಕ್ಕೆ ತೆರಿಗೆ ಕಾಯ್ದೆ ಮಾಡಿತು. ಅಂದರೆ ಇಂಧನ ಮೊದಲಿಂದಲೂ ರಾಜ್ಯಗಳ ಕೈಗೆ ಸುಲಭವಾಗಿ ಸಿಗೋ ಹಸು.

ಸಂವಿಧಾನ ಬಂದಾಗ ಈ ಅಧಿಕಾರಕ್ಕೆ ಒಂದು ಬೇಲಿ ಬಿತ್ತು. ರಫ್ತಿನ ಹಾದಿಯಲ್ಲಿ ನಡೆಯುವ ಮಾರಾಟಕ್ಕೆ ರಾಜ್ಯಗಳು ತೆರಿಗೆ ಹಾಕುವಂತಿಲ್ಲ ಅಂತ 286ನೇ ವಿಧಿ ಹೇಳಿತು. ಡಮ್‌ಡಮ್‌ನಲ್ಲಿ ವಿಮಾನಗಳಿಗೆ ಇಂಧನ ಮಾರುತ್ತಿದ್ದ ಬರ್ಮಾ ಶೆಲ್ ಕಂಪನಿ ಇದನ್ನೇ ಹಿಡೀತು. ವಿಮಾನ ದೇಶ ಬಿಟ್ಟು ಹೋಗುತ್ತೆ, ಇಂಧನವೂ ಅದರ ಜೊತೆಗೇ ಹೋಗುತ್ತೆ, ಆದ್ದರಿಂದ ಇದು ರಫ್ತು ಅನ್ನೋದು ಅದರ ವಾದ.

ಕೋರ್ಟ್ ಒಪ್ಪಲಿಲ್ಲ. ರಫ್ತು ಅಂದ ಮೇಲೆ ಎರಡು ತುದಿ ಇರಬೇಕು: ಹೊರಡೋ ಜಾಗ ಒಂದು, ಸರಕಾಗಿ ಹೋಗಿ ಸೇರೋ ಪರದೇಶ ಇನ್ನೊಂದು. ದಾರಿಯಲ್ಲಿ ಉರಿಯಲೆಂದೇ ತುಂಬಿಸಿದ ಇಂಧನಕ್ಕೆ ಆ ಎರಡನೇ ತುದಿಯೇ ಇಲ್ಲ. ಹಾಗಾಗಿ ಮಾರಾಟ ಬಂಗಾಳದ್ದೇ, ತೆರಿಗೆಯೂ ಬಂಗಾಳಕ್ಕೇ. ಬುತ್ತಿ ಕಟ್ಟಿಕೊಂಡು ಊರು ಬಿಟ್ಟವನನ್ನು ಅಕ್ಕಿ ವ್ಯಾಪಾರಿ ಅಂತ ಯಾರೂ ಕರೆಯಲ್ಲ ಅಲ್ವಾ, ಹಾಗೆ.

1944ರ ಷಿಕಾಗೋ ಒಪ್ಪಂದವೂ ಇಲ್ಲಿ ನೆರವಿಗೆ ಬರೋದಿಲ್ಲ. ಅದರ 24ನೇ ವಿಧಿ ಬಂದಿಳಿದ ವಿಮಾನದ ಟ್ಯಾಂಕಿನಲ್ಲಿ ಆಗಲೇ ಇದ್ದು, ಹಾಗೇ ವಾಪಸ್ ಹೋಗೋ ಇಂಧನಕ್ಕೆ ಸುಂಕ ಬೇಡ ಅನ್ನುತ್ತೆ ಅಷ್ಟೆ. ಇಲ್ಲಿ ಹೊಸದಾಗಿ ಕೊಂಡ ಇಂಧನದ ಮಾತು ಬೇರೆ.

ಅಲ್ಲಿಂದಾಚೆಗೆ ಒಂದು ವಿಷಯ ಸ್ಪಷ್ಟವಾಯ್ತು. ಇಂಧನದ ಮೇಲಿನ ವಿನಾಯಿತಿ ಸಾಗಣೆದಾರನ ಹಕ್ಕಲ್ಲ, ಯಾರಾದರೂ ಬೇಕಂತಲೇ ಕೊಡಬೇಕಾದ ಸವಲತ್ತು. ಕೊಟ್ಟರು ಕೂಡ. ಕೋರ್ಟ್ ರಫ್ತಲ್ಲ ಅಂದಿದ್ದನ್ನೇ ಸಂಸತ್ತು ಮುಂದೊಂದು ದಿನ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ತಿದ್ದಿ, ನಿಗದಿತ ಭಾರತೀಯ ಕಂಪನಿಗಳ ಅಂತರರಾಷ್ಟ್ರೀಯ ಹಾರಾಟದ ಮಟ್ಟಿಗೆ 'ರಫ್ತು ಅಂತಲೇ ತಿಳಿಯಿರಿ' ಅಂದಿತು. ಅದೇ ಕಾಯ್ದೆಯಲ್ಲಿ 40,000 ಕಿಲೋಗಿಂತ ಹಗುರವಾದ ವಿಮಾನಗಳಿಗೆ ಮಾರುವ ಇಂಧನದ ಮೇಲೆ ರಾಜ್ಯ ತೆರಿಗೆಗೆ 4%ರ ಮಿತಿಯೂ ಬಂತು. ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿನಿಂದ ಓಡಿಸೋಕೆ ಶುರು ಮಾಡಿದ ಎಟಿಆರ್‌ಗಳು ಈ ತೂಕದೊಳಗಿನವೇ. ಬೋಯಿಂಗು, ಏರ್‌ಬಸ್ಸುಗಳು ಪೂರ್ತಿ ತೆರಿಗೆ ಕಟ್ಟಬೇಕಿತ್ತು.

2017ರಲ್ಲಿ ಜಿಎಸ್‌ಟಿ ಬಂದಾಗಲೂ ವಿಮಾನ ಇಂಧನ ಅದರ ಹೊರಗೇ ಉಳೀತು. ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ದರ. ಕಂಪನಿಗಳು ತೆರಿಗೆ ಕಡಿಮೆ ಇರೋ ಊರಲ್ಲಿ ಹೆಚ್ಚು ತುಂಬಿಸಿಕೊಂಡು ಹೊರಡುತ್ತವೆ. ಆ ಹೆಚ್ಚುವರಿ ತೂಕ ಹೊತ್ತು ಹಾರೋಕೇ ಇನ್ನಷ್ಟು ಇಂಧನ ಸುಡಬೇಕು, ಆದರೂ ದರದ ಅಂತರ ದೊಡ್ಡದಿದ್ದರೆ ಲಾಭವೇ. ಇನ್ನು 2016ರ ಉಡಾನ್ ಯೋಜನೆಯಲ್ಲಿ, ಅದರಡಿ ಬರುವ ನಿಲ್ದಾಣಗಳಲ್ಲಿ ಇಂಧನದ ಮೇಲಿನ ವ್ಯಾಟನ್ನು 10 ವರ್ಷ 1% ಅಥವಾ ಅದಕ್ಕೂ ಕಡಿಮೆ ಇಡೋದು ರಾಜ್ಯಗಳಿಗೆ ಹಾಕಿದ ಷರತ್ತು.

ಈಗ ಅದೇ ಊರಿಗೆ ಹೊರಟ ರಾತ್ರಿ ಬಸ್ಸನ್ನ ನೋಡಿ. ಬಂಕಿನಲ್ಲಿ ಡೀಸೆಲ್ ತುಂಬಿಸೋ ಖಾಸಗಿ ಸ್ಲೀಪರ್ ಬಸ್ಸೂ ದುಡ್ಡು ತಗೊಂಡು ಜನರನ್ನ ಊರಿಗೆ ಒಯ್ಯೋದೇ. ಕರ್ನಾಟಕದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 18.4%ಗೆ, 2025ರ ಏಪ್ರಿಲ್‌ನಲ್ಲಿ 21.17%ಗೆ ಏರಿತು. ಬಸ್ಸಿಗೆ ತೂಕದ ರಿಯಾಯಿತಿಯೂ ಇಲ್ಲ, 10 ವರ್ಷದ ಮಾತೂ ಇಲ್ಲ.

ಸಣ್ಣ ಊರಿಗೆ ವಿಮಾನ ಬರಲಿ ಅಂತ ತೆರಿಗೆ ಬಿಟ್ಟುಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹಬ್ಬಕ್ಕೆ ಊರಿಗೆ ಹೋಗೋಕೆ ನಾನೂ ಆ ಟಿಕೆಟ್ ಹುಡುಕೋನೇ. ಆದರೆ ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಆವಿಯಾಗಿ ಹೋಗಲ್ಲ, ಖಜಾನೆ ಅದನ್ನ ಇನ್ನೊಂದು ಕಡೆಯಿಂದ ತುಂಬಿಕೊಳ್ಳಲೇಬೇಕು. ಬಸ್ಸಿನ ಡೀಸೆಲ್ಲಿಗೆ ಇಷ್ಟು, ವಿಮಾನದ ಇಂಧನಕ್ಕೆ ಅಷ್ಟು ಅಂತ ಬರೆಯೋದು ಯಾವ ಕೋರ್ಟೂ ಅಲ್ಲ. ಅದನ್ನ ಬರೆಯೋರು ನಾವು ಆರಿಸಿ ಕಳಿಸಿದವರೇ. ಮುಂದಿನ ಬಜೆಟ್ ದಿನ ಪೆಟ್ರೋಲ್ ರೇಟ್ ನೋಡುವಾಗ ಅದರ ಪಕ್ಕದಲ್ಲೇ ವಿಮಾನ ಇಂಧನದ ವ್ಯಾಟ್ ಎಷ್ಟು ಅಂತಲೂ ಒಮ್ಮೆ ನೋಡಿ.