ವಕೀಲರು ಕಟ್ಟಿದ ಬೇಂಕುದೆ ಅಜ್ಜಿಯ ಬಳೆಯುದೆ

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಶುದ್ದಿ ಬರದಿತ್ತಿದ್ದೆ. ಈ ಸರ್ತಿ ಅಡಿಗೆ ಇಲ್ಲೆ, ಬೇಂಕಿನ ಶುದ್ದಿ. ಬೇಂಕು ಹೇಳಿದ ಕೂಡ್ಲೇ ಅದು ಗೆಂಡುಮಕ್ಕಳ ವಿಷಯ ಹೇಳಿ ಬಿಟ್ಟಿಕ್ಕಿ ಹೋಗೆಡಿ. ನಮ್ಮ ಕೈಬಳೆಗುದೆ ಈ ಶುದ್ದಿಗುದೆ ಸಂಬಂಧ ಇದ್ದು.

ಎನ್ನ ಅಬ್ಬೆಯ ಅಬ್ಬೆ ಯಾವಗಳೂ ಗಾಜಿನ ಬಳೆ ಮಾಂತ್ರ ಹಾಕಿಗೊಂಡಿತ್ತು. "ಚಿನ್ನದ ಬಳೆ ಎಲ್ಲಿ ಅಜ್ಜೀ?" ಹೇಳಿ ಕೇಳಿರೆ "ಅದು ಆಟಿಲಿ ಅಕ್ಕಿ ಆತು ಮಗಳೂ" ಹೇಳುಗು. ಒಂದು ವರ್ಷ ಅಡಕ್ಕೆಗೆ ಕೊಳೆರೋಗ ಬಂದು, ಆಟಿ ತಿಂಗಳಿಲಿ ಮನೆಲಿ ಅಕ್ಕಿ ಮುಗುದು, ಅಜ್ಜ° ಎರಡು ಬಳೆಯ ಪೇಟೆಯ ಒಬ್ಬ° ಸಾಹುಕಾರನ ಹತ್ರೆ ಅಡವು ಮಡುಗಿದ್ದಡ. ಕಾಗದ ಇಲ್ಲೆ, ಲೆಕ್ಕ ಇಲ್ಲೆ. ಅಡಕ್ಕೆ ಮಾರಿ ಪೈಸೆ ತೆಕ್ಕೊಂಡು ಹೋದಪ್ಪಗ "ಬಡ್ಡಿಯೇ ಬಳೆಂದ ಹೆಚ್ಚಾಯಿದು" ಹೇಳಿದನಡ. ಮತ್ತೆ ಆ ಬಳೆ ಮನಗೆ ಬಯಿಂದೇ ಇಲ್ಲೆ.

ಆ ಅಜ್ಜಿಯ ಪುಳ್ಳಿ ಆನು. ಇಷ್ಟೆಲ್ಲ ಕೇಳಿ ಬೆಳದರೂ ಎರಡು ವರ್ಷ ಹಿಂದೆ ಒಂದು ಚೀಟಿಗೆ ಸೇರಿ 18 ಸಾವಿರ ಕಳಕ್ಕೊಂಡೆ. ಹಪ್ಪಳ, ಉಪ್ಪಿನಕಾಯಿ ಮಾರಿ ಒಟ್ಟು ಮಾಡಿದ ಪೈಸೆ. ಮನೆಲಿ ಇವಕ್ಕೆ ಹೇಳಿದ್ದಿಲ್ಲೆ. ನಿಂಗಳಲ್ಲಿಯೂ ಕೆಲವು ಜೆನ ಅದೇ ಚೀಟಿಲಿ ಇತ್ತಿದ್ದಿ, ಎನಗೆ ಗೊಂತಿದ್ದು. ಆರೂ ಬಾಯಿ ಬಿಟ್ಟಿದವಿಲ್ಲೆ. ತೆಕ್ಕೊಂಡು ಹೋದವಕ್ಕೆ ನಾಚಿಕೆ ಇಲ್ಲೆ, ಕಳಕ್ಕೊಂಡ ನವಗೆ ನಾಚಿಕೆ! ಆ ಬೇಜಾರಿಲಿ ಇಪ್ಪಗ ಎನಗೆ ಒಂದು ಪ್ರಶ್ನೆ ಬಂತು. ನಂಬಿ ಪೈಸೆ ಮಡುಗುವ ಜಾಗೆ ಹೇಳಿ ಒಂದು ನಮ್ಮ ಊರಿಲಿ ಹೇಂಗೆ ಹುಟ್ಟಿತ್ತು? ಆರು ಮಾಡಿದ್ದು? ಓದಿಗೊಂಡು ಹೋದಪ್ಪಗ ಸಿಕ್ಕಿದವು ಅಮ್ಮೆಂಬಳ ಸುಬ್ಬರಾವ್ ಪೈಗೊ.

ಅವು ಹುಟ್ಟಿದ್ದು 1852ರ ನವೆಂಬರ 19ಕ್ಕೆ, ಮೂಲ್ಕಿಲಿ. ಅಪ್ಪ° ಉಪೇಂದ್ರ ಪೈಗಳೂ ವಕೀಲರೇ. ಅಂಬಗ ನಮ್ಮ ಜಿಲ್ಲೆ ಬ್ರಿಟಿಷರ ಮದ್ರಾಸು ಪ್ರೆಸಿಡೆನ್ಸಿಗೆ ಸೇರಿತ್ತಿದ್ದು, ಸೌತ್ ಕೆನರಾ ಹೇಳಿ ಹೆಸರು. ದೊಡ್ಡ ಓದು ಓದೆಕ್ಕಾರೂ ಮದ್ರಾಸು, ದೊಡ್ಡ ಕೋರ್ಟಿಂಗೆ ಹೋಯೆಕ್ಕಾರೂ ಮದ್ರಾಸು. ಮಂಗ್ಳೂರಿಂಗೆ ರೈಲು ಬಂದದೇ 1907ರಲ್ಲಿ. ಅದಕ್ಕೆಷ್ಟೋ ಮದಲೇ ಈ ಮಾಣಿ ಮದ್ರಾಸಿಂಗೆ ಹೋಗಿ, ಪ್ರೆಸಿಡೆನ್ಸಿ ಕಾಲೇಜಿಲಿ ಕಲ್ತು, ಕಾನೂನಿನ ಪರೀಕ್ಷೆಯನ್ನೂ ಪಾಸು ಮಾಡಿತ್ತು. 1876ರಲ್ಲಿ ಮಂಗ್ಳೂರಿಲಿ ವಕೀಲಿಕೆ ಸುರು. ಅಂಬಗ ಪ್ರಾಯ ಇಪ್ಪತ್ತನಾಲ್ಕರ ಹತ್ರೆ.

ಆ ಕಾಲಲ್ಲಿ ವಕೀಲರಿಂಗೆ ಕೆಲಸಕ್ಕೆ ಕಮ್ಮಿ ಇತ್ತಿಲ್ಲೆ. ಮೂಲಗೇಣಿ, ಚಾಲಗೇಣಿ, ಅಳಿಯಸಂತಾನದ ಪಾಲು, ಗೆದ್ದೆಯ ವರಿಯ ಜಗಳ. ಮುನ್ಸೀಫು ಕೋರ್ಟಿಲಿ ಸೋತರೆ ಜಿಲ್ಲಾ ಕೋರ್ಟು, ಅಲ್ಲಿಯೂ ಸೋತರೆ ಮದ್ರಾಸಿನ ಹೈಕೋರ್ಟು. ಗೆದ್ದವನ ಮನೆಯುದೆ ಸೋತವನ ಮನೆಯುದೆ ಕಡೇಂಗೆ ಒಂದೇ ಹಾಂಗೆ ಖಾಲಿ. ವಕೀಲರಿಂಗೆ ಮಾಂತ್ರ ಜಗಳ ಉದ್ದ ಆದಷ್ಟೂ ಲಾಭ. ಈ ಸುಬ್ಬರಾವ್ ಪೈಗೊ ಮಾಡಿದ್ದು ಅದಕ್ಕೆ ತಿರುಗ. ಎರಡೂ ಕಡೆಯವರ ಕೂರ್ಸಿ, ಆದಷ್ಟು ಕೋರ್ಟಿನ ಹೆರವೇ ರಾಜಿ ಮಾಡ್ಸಿಗೊಂಡಿತ್ತಿದ್ದವು. ಬಪ್ಪ ಫೀಸಿನ ಕೈಯಾರೆ ಬಿಟ್ಟ ಹಾಂಗೆ. ಆದರೆ ಜೆನಂಗೊಕ್ಕೆ ಅವರ ಮೇಗೆ ನಂಬಿಕೆ ಬಂತು. ಅವರ ಬೇಂಕಿನ ಸುರುವಾಣ ಬಂಡವಾಳ ಈ ನಂಬಿಕೆಯೇ ಹೇಳಿ ಎನಗೆ ಕಾಣ್ತು.

ಬೇಂಕಿಂದ ಮದಲು ಅವು ಶಾಲೆ ಕಟ್ಟಿದವು. 1891ರಲ್ಲಿ ಮಂಗ್ಳೂರಿನ ಕೆಲವು ಜೆನರ ಸೇರ್ಸಿಗೊಂಡು ಕೆನರಾ ಹೈಸ್ಕೂಲು. ಅದು ಕಾಲೂರುವ ಮದಲೇ, 1894ರಲ್ಲಿ, ಹೆಣ್ಣುಮಕ್ಕೊಗೆ ಹೇಳಿ ಬೇರೆ ಶಾಲೆ. ಮಂಗ್ಳೂರಿಲಿ ಬಾಸೆಲ್ ಮಿಷನಿನವು 1834ರಲ್ಲೇ ಬಂದು ಶಾಲೆಗಳ ಮಾಡಿತ್ತಿದ್ದವು. ಆದರೆ ಸಂಪ್ರದಾಯಸ್ಥರ ಮನೆಯ ಕೂಸುಗಳ ಹೆರ ಕಳುಸುವದು ಸಣ್ಣ ಸಂಗತಿ ಅಲ್ಲ. ಎಂಟು ಹತ್ತು ವರ್ಷಕ್ಕೆ ಮದುವೆ ಆಗಿ ಹೋಪ ಕಾಲ. "ಅಕ್ಷರ ಕಲ್ತ ಕೂಸಿನ ಆರು ಮದುವೆ ಅಕ್ಕು?" ಹೇಳುವ ಕಾಲ.

ಇದರ ಓದುವಗ ಎನ್ನ ಕಣ್ಣಿಲಿ ನೀರು ಬಂತು, ಸುಳ್ಳಲ್ಲ. ಆನು ಪಿಯುಸಿ ಪಾಸಾದಪ್ಪಗ ಡಿಗ್ರಿ ಮಾಡೆಕ್ಕು ಹೇಳಿ ಆಶೆ ಇತ್ತು. "ಕೂಸುಗೊಕ್ಕೆ ಇಷ್ಟು ಸಾಕು" ಹೇಳಿದವು ಮನೆಲಿ. ಲೆಕ್ಕ ಹಾಕಿ ನೋಡಿರೆ, ಸುಬ್ಬರಾವ್ ಪೈಗೊ ಶಾಲೆ ಸುರು ಮಾಡಿ ಅಂಬಗ ಹತ್ತರೆ ತೊಂಬತ್ತು ವರ್ಷ ಆಗಿತ್ತು! ದಾರಿ ಮಾಡಿದವು ಮಾಡಿದವು. ಅದರಲ್ಲಿ ನೆಡೆಶೆಕ್ಕಾದವು ನಮ್ಮ ಮನೆಯವೇ ಅಲ್ಲದೋ?

ಇನ್ನು ಬೇಂಕಿನ ಶುದ್ದಿ. 1906ರ ಜುಲೈ 1ಕ್ಕೆ ಮಂಗ್ಳೂರಿಲಿ ಅವು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹೇಳಿ ಒಂದು ಸಂಸ್ಥೆ ಸುರು ಮಾಡಿದವು. ಪ್ರಾಯ ಐವತ್ತಮೂರು, ಹೆಚ್ಚುಕಮ್ಮಿ ಈಗ ಎನ್ನ ಪ್ರಾಯವೇ. ಮದ್ರಾಸಿನ ಕಡೆಲಿ ಇಂಥ ಫಂಡುಗೊ ಮದಲೇ ಇತ್ತಿದ್ದವು. ಮೈಲಾಪುರದ್ದು 1872ರದ್ದು. ನಿಧಿ ಹೇಳಿಯೂ ಹೇಳ್ತವು. ಕ್ರಮ ಬಹಳ ಸುಲಭ. ಸೇರಿದವೆಲ್ಲ ರಜ್ಜ ರಜ್ಜ ಪೈಸೆ ಹಾಕುದು, ಸೇರಿದವಕ್ಕೇ ಬೇಕಪ್ಪಗ ಸಾಲ ಕೊಡುದು, ಬಡ್ಡಿಯ ಲಾಭ ಎಲ್ಲೋರಿಂಗೂ ಹಂಚುದು. ಸಾಹುಕಾರನ ಜೇಬಿಂಗೆ ಹೋಪ ಬಡ್ಡಿ ನಮ್ಮ ಕೈಗೇ ತಿರುಗಿ ಬಪ್ಪ ಹಾಂಗೆ. ಎಲ್ಲದಕ್ಕೂ ಪುಸ್ತಕಲ್ಲಿ ಲೆಕ್ಕ, ಕೈಲಿ ರಶೀದಿ. ಎನ್ನ ಅಜ್ಜನ ಹತ್ರೆ ಇಲ್ಲದ್ದು ಅದುವೇ, ರಶೀದಿ!

ಅಂಬಗ ಇಲ್ಯಾಣ ರೈತರ ಪಾಡು ನಿಂಗೊಗೆ ಗೊಂತಿಕ್ಕು. ಬೆಳೆ ಕೊಯಿವ ಮದಲೇ ವ್ಯಾಪಾರಿಯ ಹತ್ರೆ ಮುಂಗಡ ತೆಕ್ಕೊಂಬದು, ಅವ° ಹೇಳಿದ ರೇಟಿಂಗೆ ಕೊಡುದು. ಬ್ರಿಟಿಷರ ದೊಡ್ಡ ಬೇಂಕುಗೊಕ್ಕೆ ಹಡಗಿನ ವ್ಯಾಪಾರದವರ ಗುರ್ತ ಇತ್ತೇ ವಿನಾ ಎರಡು ಮುಡಿ ಅಕ್ಕಿಗೆ ಬಳೆ ಅಡವು ಮಡುಗುವವರ ಗುರ್ತ ಇತ್ತಿಲ್ಲೆ. ಅದೇ ವರ್ಷ ಮಾರ್ಚಿಲಿ ಉಡುಪಿಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತೊಂದು ಬೇಂಕಿನ ಸುರು ಮಾಡಿದವು. ಅದುವೇ ಮತ್ತೆ ಕಾರ್ಪೊರೇಶನ್ ಬೇಂಕು. ಒಬ್ಬರು ವಕೀಲರು, ಒಬ್ಬರು ವ್ಯಾಪಾರದವು. ಒಂದೇ ವರ್ಷ, ಒಂದೇ ಜಿಲ್ಲೆ.

ಫಂಡು ಸುರು ಆಗಿ ನಾಲ್ಕು ತಿಂಗಳಾಯಿದಿಲ್ಲೆ, ಅಕ್ಟೋಬರಿಲಿ ಮದ್ರಾಸಿನ ಅರ್ಬತ್‌ನಾಟ್ ಕಂಪೆನಿ ಮುಳುಗಿತ್ತು. ಬಿಳಿಯರ ಕಂಪೆನಿ, ದೊಡ್ಡ ಹೆಸರು, ಒಳ್ಳೆ ಬಡ್ಡಿ. ಸಾವಿರಗಟ್ಳೆ ಜೆನ ಜೀವಮಾನದ ಪೈಸೆ ಕಳಕ್ಕೊಂಡವು. ಬಿಳಿಯರು ಹೇಳಿ ಕಣ್ಣುಮುಚ್ಚಿ ನಂಬಿದ್ದು ಅಲ್ಲಿಗೆ ಮುಗುತ್ತು. ಮದ್ರಾಸಿನ ಇನ್ನೊಬ್ಬ ವಕೀಲರು, ವಿ. ಕೃಷ್ಣಸ್ವಾಮಿ ಅಯ್ಯರು, ಮುಂದೆ ಬಂದು 1907ರಲ್ಲಿ ಇಂಡಿಯನ್ ಬೇಂಕಿನ ಸುರು ಮಾಡ್ಸಿದವು. ಅವು ಮತ್ತೆ ಹೈಕೋರ್ಟಿನ ಜಡ್ಜುದೆ ಆದವು. ಆ ಗಾಳಿಮಳೆಲಿ ನಮ್ಮ ಮಂಗ್ಳೂರಿನ ಸಣ್ಣ ಫಂಡು ಬಿದ್ದಿದಿಲ್ಲೆ. ಎಂತಕೆ? ಹಾಕಿದವಕ್ಕೆ ತೆಗದವರ ಗುರ್ತ, ತೆಗದವಕ್ಕೆ ಹಾಕಿದವರ ಗುರ್ತ. ಮೇಗಂದ ಕಾಗದದ ಲೆಕ್ಕ. ಗುರ್ತವೂ ಬೇಕು, ಲೆಕ್ಕವೂ ಬೇಕು. ಎಂಗಳ ಚೀಟಿಲಿ ಗುರ್ತ ಇತ್ತು, ಲೆಕ್ಕ ಇತ್ತಿಲ್ಲೆ. ಅರ್ಬತ್‌ನಾಟಿಲಿ ಲೆಕ್ಕದ ಪುಸ್ತಕ ಇಕ್ಕು, ಪೈಸೆ ಹಾಕಿದವರ ಗುರ್ತ ಆರಿಂಗಿತ್ತು?

ಸುಬ್ಬರಾವ್ ಪೈಗೊ ಅವರ ಫಂಡು ದೊಡ್ಡ ಅಪ್ಪದರ ಕಂಡಿದವಿಲ್ಲೆ. 1909ರ ಜುಲೈ 25ಕ್ಕೆ ತೀರಿಹೋದವು. ಫಂಡಿಂಗೆ ಬರೀ ಮೂರು ವರ್ಷ. ಮರುವರ್ಷ, 1910ರಲ್ಲಿ, ಅದು ಕೆನರಾ ಬೇಂಕು ಆತು, ಹೆಸರಿಲಿ ಇದ್ದ ಹಿಂದೂ ಹೇಳುವ ಶಬ್ದವುದೆ ಹೋತು. ಅದರ ಮತ್ತೆ 1924ರಲ್ಲಿ ಕರ್ನಾಟಕ ಬೇಂಕು, 1925ರಲ್ಲಿ ಉಡುಪಿಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬೇಂಕು. ಸಿಂಡಿಕೇಟಿನವು 1928ರಿಂದ ಪಿಗ್ಮಿ ಹೇಳಿ ಮನೆ ಬಾಗಿಲಿಂಗೇ ಬಂದು ಎರಡಾಣೆ ನಾಲ್ಕಾಣೆ ತೆಕ್ಕೊಂಡು ಹೋಪದು ನಿಂಗಳ ಅತ್ತೆಕ್ಕೊಗೆ ನೆಂಪಿಕ್ಕು. 1969ರ ಜುಲೈ 19ಕ್ಕೆ ಸರ್ಕಾರ ತೆಕ್ಕೊಂಡ 14 ಬೇಂಕಿಲಿ ಕೆನರಾದೆ ಸಿಂಡಿಕೇಟುದೆ ಇದ್ದವು. 2020ರಲ್ಲಿ ಸಿಂಡಿಕೇಟು ಕೆನರಾದ ಒಳವೇ ಸೇರಿತ್ತು.

ಇದೆಲ್ಲ ಓದಿಯಪ್ಪಗ ಎನಗೆ ಒಂದು ಧೈರ್ಯ ಬಂತು. ಒಂದು ದಿನ ಇರುಳು ಉಂಡಿಕ್ಕಿ ಕೂದೊಂಡಿಪ್ಪಗ ಚೀಟಿಯ ಸಂಗತಿಯ ಇವಕ್ಕೆ ಹೇಳಿದೆ. ರಜ್ಜ ಹೊತ್ತು ಮಾತೇ ಇಲ್ಲೆ. ಮತ್ತೆ ಹೇಳಿದವು, "ಆನೂ ಒಂದರಿ ಅಡಕ್ಕೆ ವ್ಯಾಪಾರಲ್ಲಿ ಒಬ್ಬನ ನಂಬಿ ಕಳಕ್ಕೊಂಡಿದೆ. ನಿನಗೆ ಹೇಳಿದ್ದಿಲ್ಲೆ." ಇಬ್ರಿಂಗೂ ನೆಗೆಯೂ ಬಂತು, ಬೇಜಾರವೂ ಆತು. ಮರದಿನ ಇವೇ ಎನ್ನ ಪೇಟಗೆ ಕರಕ್ಕೊಂಡು ಹೋಗಿ ಎನ್ನ ಹೆಸರಿಲಿ ಆರ್‌ಡಿ ಮಾಡ್ಸಿದವು. ತಿಂಗಳಿಂಗೆ 500 ರೂಪಾಯಿ. ಪಾಸುಬುಕ್ಕಿಲಿ ಎನ್ನ ಹೆಸರು ಕಾಂಬಗ ಅಜ್ಜಿಯ ನೆಂಪಾತು.

ಕಳಕ್ಕೊಂಡ 18 ಸಾವಿರ ತಿರುಗಿ ಬಾರ. ಆದರೆ ಅದರ ಮುಚ್ಚಿ ಮಡಿಕ್ಕೊಂಡದಕ್ಕೇ ಎನಗೆ ಹೆಚ್ಚು ನಷ್ಟ ಆದ್ದು. ಹಾಂಗಾಗಿ ನಿಂಗಳ ಹತ್ರೆ ಎರಡೇ ಮಾತು. ಎಲ್ಲಿಯೇ ಪೈಸೆ ಹಾಕಿ, ಎಷ್ಟು ಗುರ್ತದವೇ ಇರಲಿ, ರಶೀದಿ ಕೇಳಿ ತೆಕ್ಕೊಳಿ. ಇನ್ನು ಆ ಚೀಟಿಲಿ ಇದ್ದವು ಮನೆಲಿ ಬಾಯಿ ಬಿಟ್ಟು ಹೇಳಿ. ಹೇಳ್ಲೆ ಎಡಿಯದ್ದರೆ ಹೊತ್ತೋಪಗ ಎಂಗಳಲ್ಲಿಗೆ ಬನ್ನಿ, ಕಾಪಿ ಕುಡಿವಾ, ಎಲ್ಲೋರೂ ಒಟ್ಟಿಂಗೆ ಕೂದು ಲೆಕ್ಕ ಬರವಾ.